ಮೇಕೆಯ ಹೃದಯವನ್ನು ಬಿಡಿಸಿ ನೋಡುವಾಗ ಕವಾಟದ ಮೇಲೆ ನೀರು ಏಕೆ ನಿಲ್ಲಲಿಲ್ಲ?

ಮುಲುಂಡಿನ ಭಾನುವಾರದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಮುಲುಂಡಿನ ಒಂದು ಪುಟ್ಟ ಕೋಣೆಯಲ್ಲಿ ನಾನು ಪ್ರತಿ ಭಾನುವಾರ ಬೆಳಿಗ್ಗೆ ಹನ್ನೆರಡು ಮಕ್ಕಳಿಗೆ ಕನ್ನಡದಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಎಲ್ಲರೂ ಎಂಟರಿಂದ ಹತ್ತನೆಯ ತರಗತಿಯವರು. ಹೆಚ್ಚಿನವರ ತಂದೆಯಂದಿರು ಹೋಟೆಲುಗಳಲ್ಲಿ ದುಡಿಯುತ್ತಾರೆ. ಮಕ್ಕಳು ಶಾಲೆಯಲ್ಲಿ ಮರಾಠಿಯನ್ನೋ ಇಂಗ್ಲಿಷನ್ನೋ ಓದುತ್ತಾರೆ, ಮನೆಯಲ್ಲಿ ಕನ್ನಡ ಇಲ್ಲವೆ ತುಳು ಆಡುತ್ತಾರೆ. ಕಳೆದ ತಿಂಗಳು ಹೃದಯದ ಪಾಠ ಬಂದಿತು. ಕಪ್ಪುಹಲಗೆಯ ಮೇಲೆ ನಾಲ್ಕು ಕೋಣೆಗಳನ್ನು ಬರೆದು, ಒಂದು ಬದಿಗೆ ನೀಲಿ, ಇನ್ನೊಂದು ಬದಿಗೆ ಕೆಂಪು ಸೀಮೆಸುಣ್ಣ ಬಳಿದು, ಕವಾಟಗಳು ತೆರೆಯುತ್ತವೆ, ಮುಚ್ಚುತ್ತವೆ ಎಂದು ಪುಸ್ತಕದಲ್ಲಿರುವುದನ್ನೇ ಹೇಳಿದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಬಾಗಿಲನ್ನು ತೆಗೆಯುವವರು ಯಾರು, ಮುಚ್ಚುವವರು ಯಾರು?" ಎಂದು ಕೇಳಿದಳು. ನಾನು ಬರೆದ ಚಿತ್ರದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನಿಜವಾದ ಹೃದಯವನ್ನೇ ತಂದು ತೋರಿಸಬೇಕೆಂದು ಅಂದೇ ನಿಶ್ಚಯಿಸಿದೆ.

ಮೊದಲನೆಯ ವಾರ ಮಾಂಸದಂಗಡಿಯಲ್ಲಿ "ಕಾಳೀಜ್" ಬೇಕೆಂದು ಕೇಳಿದೆ. ಮರಾಠಿ ಮಾತಿನಲ್ಲಿ ಹೃದಯಕ್ಕೆ ಆ ಪದ ಬಳಕೆಯಲ್ಲಿರುವುದನ್ನು ನಾನು ಎಷ್ಟೋ ವರ್ಷಗಳಿಂದ ಕೇಳಿದ್ದೇನೆ. ತರಗತಿಯಲ್ಲಿ ಪೊಟ್ಟಣ ಬಿಚ್ಚಿದರೆ ಅದರಲ್ಲಿದ್ದುದು ಯಕೃತ್ತು. ಎರಡನೆಯ ವಾರ ಹೃದಯವೇ ದೊರೆಯಿತು, ಆದರೆ ಮೇಲಿನ ಎರಡು ಕೋಣೆಗಳೂ ದೊಡ್ಡ ನಾಳಗಳೂ ಕತ್ತರಿಸಿ ಹೋಗಿದ್ದವು, ಮೈಗೆ ಉದ್ದಕ್ಕೆ ಸೀಳು ಬಿದ್ದಿತ್ತು. ಮೂರನೆಯ ವಾರ, ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳವಾದ ಮಹಾಪಧಮನಿ ಎರಡು ಬೆರಳಿನಷ್ಟು ಉಳಿದಿದ್ದ ಹೃದಯ ಸಿಕ್ಕಿತು. ಅದರೊಳಗೆ ನೀರು ಸುರಿದರೆ ಅರ್ಧಚಂದ್ರಾಕಾರದ ಕವಾಟವು ತಾನಾಗಿಯೇ ಮುಚ್ಚಿಕೊಂಡು ನೀರನ್ನು ತಡೆದು ನಿಲ್ಲಿಸುತ್ತದೆ ಎಂದು ಓದಿದ್ದೆ. ನೀರು ತುಂಬಿತು, ಸ್ವಲ್ಪ ಹೊತ್ತು ನಿಂತಿತು, ಆಮೇಲೆ ನಿಧಾನವಾಗಿ ಇಳಿಯುತ್ತಾ ಹೋಯಿತು. ಮೂರು ಬಾರಿ ಸುರಿದರೂ ಹಾಗೆಯೇ ಆಯಿತು. ಈ ಮೇಕೆಗೆ ಹೃದಯದ ಕಾಯಿಲೆ ಇದ್ದಿರಬೇಕೆಂದು ಮಕ್ಕಳು ತೀರ್ಮಾನಿಸಿದರು. ಅದು ಸರಿಯಲ್ಲವೆಂದು ನನಗೆ ಅನಿಸಿತು, ಆದರೆ ಏಕೆಂದು ಹೇಳಲಾಗಲಿಲ್ಲ.

ನೀರು ಎಲ್ಲಿಗೆ ಹೋಯಿತು? ಪೂರ್ತಿಯಾದ ಹೃದಯವನ್ನು ಪಡೆಯಲು ಅಂಗಡಿಯಲ್ಲಿ ಏನೆಂದು ಕೇಳಬೇಕು? ತಿಳಿದವರು ದಯವಿಟ್ಟು ಹೇಳಿ.

ಕುರ್ಲಾ ಈಸ್ಟ್

ನಮ್ಮ ಮನೆಯವರು ಎರಡು ತಲೆಮಾರು ಮಾಂಸದ ವ್ಯಾಪಾರ ಮಾಡಿದವರು, ಆದ್ದರಿಂದ ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಮುಂಬಯಿಯ ಅಂಗಡಿಯಲ್ಲಿ "ಕಲೇಜಿ" ಎಂದರೂ "ಕಾಳೀಜ್" ಎಂದರೂ ಯಕೃತ್ತನ್ನೇ ಕೊಡುತ್ತಾರೆ. ಹೃದಯಕ್ಕೆ "ದಿಲ್" ಎಂದೇ ಹೇಳಬೇಕು. ಅಡುಗೆಗೆ ಕೊಳ್ಳುವವರಿಗೆ ನಾಳಗಳೂ ಕೊಬ್ಬೂ ಬೇಡವಾದ್ದರಿಂದ ಕೇಳದೆಯೇ ಅವನ್ನು ಕತ್ತರಿಸಿ ತೆಗೆಯುವುದು, ಒಳಗಿನ ಹೆಪ್ಪುಗಟ್ಟಿದ ರಕ್ತ ಹೋಗಲೆಂದು ಸೀಳು ಹಾಕುವುದು ರೂಢಿ. ಅದರಲ್ಲಿ ಅಂಗಡಿಯವನ ತಪ್ಪಿಲ್ಲ. ನೀವು ಶನಿವಾರ ಸಂಜೆಯೇ ಹೋಗಿ, "ದಿಲ್ ಸಾಬುತ್ ಚಾಹಿಯೆ, ಫೇಫಡೆ ಕೆ ಸಾಥ್, ಚೀರಾ ಮತ್ ಲಗಾನಾ" (ಇಡೀ ಹೃದಯ ಬೇಕು, ಶ್ವಾಸಕೋಶದೊಡನೆ, ಸೀಳು ಹಾಕಬೇಡ) ಎಂದು ಹೇಳಿಡಿ. ಶ್ವಾಸಕೋಶದಿಂದ ಬಿಡಿಸದೆ ಕೊಟ್ಟರೆ ಮೇಲಿನ ಕೋಣೆಗಳೂ ನಾಳಗಳೂ ತಾವಾಗಿಯೇ ಉಳಿಯುತ್ತವೆ. ಬಿಡಿಸುವ ಕೆಲಸವನ್ನು ನೀವೇ ಮಾಡಬಹುದು, ಅದರಿಂದ ಯಾವ ನಾಳ ಶ್ವಾಸಕೋಶಕ್ಕೆ ಹೋಗುತ್ತದೆಂಬುದು ಮಕ್ಕಳಿಗೆ ಕಣ್ಣಿಗೇ ಕಾಣುತ್ತದೆ. ಭಾನುವಾರ ಎಂಟು ಗಂಟೆಯಾದ ಮೇಲೆ ಹೋದರೆ ಜನಸಂದಣಿಯಲ್ಲಿ ನಿಮ್ಮ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ವಾಸ್ಕೋದಿಂದ

ಗೋವೆಯ ಕೊಂಕಣಿಯಲ್ಲಿ ಮಾತ್ರ "ಕಾಳೀಜ್" ಎಂದರೆ ಹೃದಯವೇ. ಮೇಷ್ಟ್ರು ತಪ್ಪು ಹೇಳಲಿಲ್ಲ, ಅಂಗಡಿಯ ಭಾಷೆ ಬೇರೆ ಇತ್ತು, ಅಷ್ಟೆ.

ಕೋಥರೂಡಿನ ಧಾರವಾಡದವಳು

ಎಲ್ಲರೂ ಅಂಗಡಿಯ ಮಾತಿಗೇ ಇಳಿದಿರಿ, ಅದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಆ ಹನ್ನೆರಡು ಮಕ್ಕಳಲ್ಲಿ ಸಸ್ಯಾಹಾರಿಗಳ ಮನೆಯವರು ಇರಲಾರರೇ? ಅವರ ತಾಯಿ ತಂದೆಯರನ್ನು ಕೇಳಿದ್ದೀರಾ? ಒಂದು ಜೀವದ ಗುಂಡಿಗೆಯನ್ನು ಪರಾತದಲ್ಲಿಟ್ಟು ಕತ್ತರಿಸುವುದನ್ನು ನೋಡಲೇಬೇಕೆಂದು ಮಗುವನ್ನು ಕೂರಿಸುವುದು ನನಗೆ ಸರಿ ಕಾಣುವುದಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಕಾಲೇಜುಗಳಲ್ಲಿಯೇ ಪ್ರಾಣಿಗಳ ಅಂಗಚ್ಛೇದನವನ್ನು ಹಂತಹಂತವಾಗಿ ಕಡಿಮೆ ಮಾಡಬೇಕೆಂದು 2011ರಲ್ಲಿ ಹೇಳಿ, 2014ರಲ್ಲಿ ನಿಲ್ಲಿಸಿಯೇಬಿಡಬೇಕೆಂದು ಸೂಚಿಸಿತು. ಕಾಲೇಜಿಗೆ ಬೇಡವಾದದ್ದು ಎಂಟನೆಯ ತರಗತಿಗೆ ಏಕೆ ಬೇಕು? ಒಳ್ಳೆಯ ಮಾದರಿಗಳಿವೆ, ಚಲಿಸುವ ಚಿತ್ರಗಳಿವೆ.

ಪುಣೆಯ ಪಶುವೈದ್ಯೆ

ಮೇಷ್ಟ್ರೇ, ನಿಮ್ಮ ಮೇಕೆ ಆರೋಗ್ಯವಾಗಿಯೇ ಇತ್ತು. ನೀರು ಕವಾಟದ ಮೂಲಕ ಸೋರಲಿಲ್ಲ, ಕವಾಟದ ಮೇಲ್ಗಡೆ ಗೋಡೆಯಲ್ಲಿರುವ ಎರಡು ಸಣ್ಣ ತೂತುಗಳಿಂದ ಹೋಯಿತು.

ಮಹಾಪಧಮನಿಯ ಬುಡದಲ್ಲಿ ಮೂರು ಪಕಳೆಗಳಿವೆ, ಪ್ರತಿಯೊಂದೂ ಗೋಡೆಗೆ ಅಂಟಿಸಿದ ಜೇಬಿನ ಹಾಗಿದೆ. ಪ್ರತಿ ಜೇಬಿನ ಹಿಂದೆ ಗೋಡೆ ಸ್ವಲ್ಪ ಹೊರಕ್ಕೆ ಉಬ್ಬಿದೆ. ಆ ಮೂರು ಉಬ್ಬುಗಳಲ್ಲಿ ಎರಡರಲ್ಲಿ ಒಂದೊಂದು ತೂತು ಕಾಣುತ್ತದೆ. ಹೃದಯದ ಸ್ನಾಯುವಿಗೇ ರಕ್ತ ಒಯ್ಯುವ ಎಡ ಮತ್ತು ಬಲ ಕರೋನರಿ ಅಪಧಮನಿಗಳು ಹೊರಡುವುದು ಅಲ್ಲಿಂದ. ಮಹಾಪಧಮನಿಯಿಂದ ಒಡೆಯುವ ಮೊಟ್ಟಮೊದಲ ಕವಲುಗಳು ಅವೇ. ನೀವು ಸುರಿದ ನೀರು ಪಕಳೆಗಳನ್ನು ತುಂಬಿ ಮುಚ್ಚಿತು, ಆದ್ದರಿಂದಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಈ ತೂತುಗಳಿಂದ ಸ್ನಾಯುವಿನೊಳಕ್ಕೆ ಇಳಿಯಿತು. ಕವಾಟವೇ ಕೆಟ್ಟಿದ್ದರೆ ನೀರು ನಿಲ್ಲುತ್ತಲೇ ಇರಲಿಲ್ಲ, ಒಮ್ಮೆಗೇ ಕೆಳಗಿನ ಕೋಣೆಗೆ ಬೀಳುತ್ತಿತ್ತು. ಮಹಾಪಧಮನಿಯನ್ನು ಕವಾಟದ ಸಮೀಪದವರೆಗೆ ಸೀಳಿ, ಹಿಡಿಸೂಡಿಯ ಕಡ್ಡಿಯ ಮೊಂಡು ತುದಿಯನ್ನು ಆ ತೂತಿಗೆ ತೂರಿಸಿ ನೋಡಿ. ಬಲವಂತ ಮಾಡಬೇಡಿ, ಕಡ್ಡಿ ತಾನೇ ದಾರಿ ಹಿಡಿದು ಕೊಬ್ಬಿನ ಕೆಳಗೆ ಹೋಗುತ್ತದೆ.

ಮೇಕೆಯ ಹೃದಯ ಮನುಷ್ಯನದಕ್ಕೆ ಬಹಳ ಹತ್ತಿರವಾದರೂ ಎಲ್ಲದರಲ್ಲಿಯೂ ಒಂದೇ ಅಲ್ಲ ಎನ್ನುವುದನ್ನು ಮಕ್ಕಳಿಗೆ ಹೇಳಿ. ಪಠ್ಯಪುಸ್ತಕದ ಚಿತ್ರದಲ್ಲಿ ಮಹಾಪಧಮನಿಯ ಕಮಾನಿನಿಂದ ಮೂರು ಕವಲುಗಳು ಮೇಲೇಳುತ್ತವೆ. ಮೇಕೆ, ಕುರಿ, ದನಗಳಲ್ಲಿ ತಲೆಗೂ ಮುಂಗಾಲಿಗೂ ಹೋಗುವ ರಕ್ತವೆಲ್ಲ ಒಂದೇ ದಪ್ಪ ಕಾಂಡದಿಂದ ಹೊರಟು ಆಮೇಲೆ ಕವಲೊಡೆಯುತ್ತದೆ. ಮನುಷ್ಯರಲ್ಲಿ ಕೆಳಗಿನ ಎರಡು ಕೋಣೆಗಳ ನಡುವೆ ಹೃದಯದ ಹಿಂಬದಿಯಲ್ಲಿರುವ ತೋಡಿಗೆ ಸಾಮಾನ್ಯವಾಗಿ ಬಲ ಕರೋನರಿಯಿಂದ ರಕ್ತ ಬಂದರೆ ಮೇಕೆಯಲ್ಲಿ ಎಡ ಕರೋನರಿಯಿಂದಲೇ ಬರುತ್ತದೆ. ಚಿತ್ರದಲ್ಲಿರುವುದನ್ನು ಹುಡುಕಿ, ಸಿಗದಿದ್ದಾಗ ತಾವೇ ತಪ್ಪಿದೆವೆಂದು ಮಕ್ಕಳು ತಿಳಿಯಬಾರದು.

ಇನ್ನೊಂದು ಮಾತನ್ನು ಕಟ್ಟುನಿಟ್ಟಾಗಿ ಹೇಳುತ್ತೇನೆ. ಕೈಗವಸು ಹಾಕಿಸಿ, ಕೈಗೆ ಗಾಯವಿರುವ ಮಗುವನ್ನು ದೂರವಿಡಿ, ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಸಿ, ಆ ಪರಾತವನ್ನು ಮತ್ತೆ ಅಡುಗೆಮನೆಗೆ ಒಯ್ಯಬೇಡಿ. ಉಳಿದ ಭಾಗವನ್ನು ಬೀದಿನಾಯಿಗಳಿಗೆ ಹಾಕಲೇಬಾರದು. ಕುರಿ ಮೇಕೆಗಳ ಶ್ವಾಸಕೋಶದಲ್ಲಿಯೂ ಯಕೃತ್ತಿನಲ್ಲಿಯೂ, ಅಪರೂಪಕ್ಕೆ ಹೃದಯದಲ್ಲಿಯೂ, ಒಂದು ಬಗೆಯ ಲಾಡಿಹುಳುವಿನ ನೀರ್ಗುಳ್ಳೆಗಳಿರುತ್ತವೆ. ಅವನ್ನು ತಿಂದ ನಾಯಿಯ ಕರುಳಿನಲ್ಲಿ ಹುಳು ಬೆಳೆದು, ಅದರ ಮಲದ ಮೂಲಕ ಮೊಟ್ಟೆಗಳು ಮನುಷ್ಯರನ್ನು ಸೇರುತ್ತವೆ. ಗಟ್ಟಿಯಾಗಿ ಕಟ್ಟಿ ಕಸದ ಗಾಡಿಗೆ ಕೊಡಿ.

ಡೊಂಬಿವಲಿಯ ಓದುಗ

ಮೂವತ್ತು ವರ್ಷ ಜೀವಶಾಸ್ತ್ರ ಓದಿದವರ ನಡುವೆ ಇದ್ದರೂ ಈ ತೂತುಗಳ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ. ಧನ್ಯವಾದಗಳು, ಡಾಕ್ಟರ್.

ಮಾಟುಂಗಾ ನಿವಾಸಿ

ಒಂದು ಸೇರ್ಪಡೆ. ಹೃದಯ ಸಂಕುಚಿಸಿ ಕವಾಟ ತೆರೆದುಕೊಂಡಾಗ ಪಕಳೆಗಳು ಗೋಡೆಗೆ ಒತ್ತಿಕೊಂಡು ಈ ತೂತುಗಳನ್ನು ಮುಚ್ಚಿಬಿಡುತ್ತವೆ, ಕವಾಟ ಮುಚ್ಚಿದಾಗ ತೂತುಗಳು ತೆರೆಯುತ್ತವೆ. ಆದ್ದರಿಂದಲೇ ಹೃದಯವು ವಿಶ್ರಾಂತಿಯಲ್ಲಿದ್ದಾಗ ಮಾತ್ರ ಅದಕ್ಕೆ ರಕ್ತ ಸಿಗುತ್ತದೆ ಎಂದು ನಾನು ಓದಿದ್ದೇನೆ.

ಠಾಣೆಯ ಶಸ್ತ್ರಚಿಕಿತ್ಸಾ ಕೊಠಡಿಯ ದಾದಿ

ಅದು ಹಳೆಯ ಕಲ್ಪನೆ, ಸರಿಯಲ್ಲ. ಎಡಭಾಗದ ಸ್ನಾಯುವಿಗೆ ಹೆಚ್ಚಿನ ರಕ್ತ ದೊರೆಯುವುದು ಹೃದಯ ಸಡಿಲವಾದಾಗ ಎನ್ನುವುದು ನಿಜ, ಆದರೆ ಕಾರಣ ನೀವು ಹೇಳಿದ್ದಲ್ಲ. ಸಂಕುಚಿಸುವಾಗ ಸ್ನಾಯುವಿನ ಒಳಗೆ ಹರಿಯುವ ನಾಳಗಳನ್ನು ಆ ಸ್ನಾಯುವೇ ಹಿಂಡಿಬಿಡುತ್ತದೆ. ರಕ್ತ ಒಳಹೋಗಲು ಎಡೆ ಇರುವುದಿಲ್ಲ. ಗೋಡೆ ತೆಳುವಾಗಿರುವ ಬಲಭಾಗಕ್ಕೆ ಎರಡೂ ಹೊತ್ತಿನಲ್ಲಿ ರಕ್ತ ಹೋಗುತ್ತದೆ. ತೆರೆದ ಪಕಳೆಗಳು ಗೋಡೆಗೆ ಅಂಟಿಕೊಳ್ಳುವುದೂ ಇಲ್ಲ. ಡಾಕ್ಟರ್ ಮೇಡಂ ಹೇಳಿದ ಆ ಉಬ್ಬುಗಳಲ್ಲಿ ರಕ್ತ ಸುಳಿಸುಳಿಯಾಗಿ ತಿರುಗುತ್ತಿರುತ್ತದೆ, ಆ ಸುಳಿಯೇ ಪಕಳೆಯನ್ನು ಗೋಡೆಯಿಂದ ದೂರವಿಟ್ಟು, ಹರಿವು ನಿಧಾನವಾಗುತ್ತಿದ್ದಂತೆ ಮುಚ್ಚಲು ನೆರವಾಗುತ್ತದೆ.

ಈ ಸುಳಿಯನ್ನು ಐನೂರು ವರ್ಷಗಳ ಹಿಂದೆಯೇ ಲಿಯೊನಾರ್ಡೊ ಡ ವಿಂಚಿ ಗುರುತಿಸಿದ್ದರು. ಎತ್ತಿನ ಹೃದಯಗಳನ್ನು ಬಿಡಿಸಿ, ಮಹಾಪಧಮನಿಯ ಬುಡದ ಗಾಜಿನ ಮಾದರಿಯನ್ನು ಯೋಜಿಸಿ, ಹುಲ್ಲಿನ ಬೀಜ ಬೆರೆಸಿದ ನೀರು ಅದರಲ್ಲಿ ಹೇಗೆ ತಿರುಗುತ್ತದೆಂದು 1513ರ ಸುಮಾರಿಗೆ ಅವರು ಬರೆದಿಟ್ಟರು. ಮೇಷ್ಟ್ರೇ, ನೀವು ಮಾಡುತ್ತಿರುವುದೂ ನೀರಿನ ಪರೀಕ್ಷೆಯೇ.

ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಬಾಗಿಲನ್ನು ತೆಗೆಯುವವರೂ ಇಲ್ಲ, ಮುಚ್ಚುವವರೂ ಇಲ್ಲ. ಹಿಂದಿನ ಒತ್ತಡ ಹೆಚ್ಚಾದರೆ ತೆರೆಯುತ್ತದೆ, ಮುಂದಿನ ಒತ್ತಡ ಹೆಚ್ಚಾದರೆ ಮುಚ್ಚುತ್ತದೆ.

ಮಾಟುಂಗಾ ನಿವಾಸಿ

ತಿದ್ದಿದ್ದಕ್ಕೆ ವಂದನೆ. ಆದರೆ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಕವಾಟಗಳಿಗೆ ದಾರಗಳೂ, ಆ ದಾರಗಳಿಗೆ ಸ್ನಾಯುವಿನ ಗೂಟಗಳೂ ಇವೆಯಲ್ಲ? ಆ ಸ್ನಾಯುಗಳು ಎಳೆದಾಗ ಕವಾಟ ತೆರೆಯುತ್ತದೆ ಎಂದೇ ನಮಗೆ ಕಲಿಸಿದ್ದರು. ಅದೂ ತಪ್ಪೇ?

ಠಾಣೆಯ ಶಸ್ತ್ರಚಿಕಿತ್ಸಾ ಕೊಠಡಿಯ ದಾದಿ

ಅದೂ ತಪ್ಪೇ, ಮತ್ತು ಬಹಳ ಜನ ಮಾಡುವ ತಪ್ಪು. ಗೂಟದಂತಿರುವ ಆ ಸ್ನಾಯುಗಳು ಕುಗ್ಗುವುದು ಕೆಳಗಿನ ಕೋಣೆ ಕುಗ್ಗುವ ಹೊತ್ತಿನಲ್ಲಿಯೇ, ಅಂದರೆ ಕವಾಟ ಮುಚ್ಚಿರಬೇಕಾದ ಹೊತ್ತಿನಲ್ಲಿ. ಆಗ ಅವು ತೆರೆಯಲು ಎಳೆದರೆ ಹೃದಯದ ಕೆಲಸವೇ ಕೆಡುತ್ತದೆ. ಗಾಳಿ ಬೀಸಿದಾಗ ಬಾಗಿಲು ಚೌಕಟ್ಟನ್ನು ದಾಟಿ ಆಚೆ ಹೊಡೆದುಕೊಳ್ಳದಂತೆ ಒಳಗಿನಿಂದ ಹಗ್ಗ ಕಟ್ಟಿ ಹಿಡಿಯುತ್ತೇವಲ್ಲ, ಈ ದಾರಗಳ ಕೆಲಸ ಅದು. ದಾರ ಹರಿದರೆ ಪಕಳೆ ಮೇಲಿನ ಕೋಣೆಗೆ ಮಗುಚಿಕೊಂಡು ರಕ್ತ ಹಿಂದಕ್ಕೆ ನುಗ್ಗುತ್ತದೆ. ದಾರ ಹರಿದ ರೋಗಿಗಳನ್ನು ಮೇಜಿನ ಮೇಲೆ ನಾನು ನೋಡಿದ್ದೇನೆ. ಮೇಕೆಯ ಹೃದಯದಲ್ಲಿ ಒಂದು ದಾರವನ್ನು ಬೆರಳಿನಿಂದ ಮೀಟಿ ನೋಡಿ. ಹೊಲಿಗೆಯ ನೂಲಿನಷ್ಟು ಸಣ್ಣದು, ಜಗ್ಗಿದರೆ ಸುಲಭಕ್ಕೆ ಹರಿಯುವುದಿಲ್ಲ.

ಕುರ್ಲಾ ಈಸ್ಟ್

ಕೋಥರೂಡಿನ ಅಕ್ಕನವರಿಗೆ ಉತ್ತರಿಸಬೇಕು. ಆಯೋಗದ ಸೂಚನೆಯ ಹಿಂದಿದ್ದ ಚಿಂತೆ, ಪಾಠಕ್ಕೆಂದೇ ಕಪ್ಪೆಗಳನ್ನೂ ಇಲಿಗಳನ್ನೂ ಹಿಡಿದು ಕೊಲ್ಲುತ್ತಿದ್ದುದು. ಇಲ್ಲಿ ಪಾಠಕ್ಕಾಗಿ ಯಾವ ಪ್ರಾಣಿಯೂ ಸಾಯಲಿಲ್ಲ. ದೇವನಾರಿನ ಕಸಾಯಿಖಾನೆಯಿಂದ ಬೆಳಗಿನ ಜಾವ ಬಂದ ಮಾಂಸದಲ್ಲಿ ಈ ಹೃದಯವೂ ಇತ್ತು. ಮೇಷ್ಟ್ರು ಕೊಳ್ಳದಿದ್ದರೆ ಇನ್ನೊಬ್ಬರ ಅಡುಗೆಗೆ ಹೋಗುತ್ತಿತ್ತು.

ಕೋಥರೂಡಿನ ಧಾರವಾಡದವಳು

ಆ ವ್ಯತ್ಯಾಸವನ್ನು ಒಪ್ಪುತ್ತೇನೆ, ನನ್ನ ಮಾತಿನಲ್ಲಿ ಅದು ಬಿಟ್ಟುಹೋಗಿತ್ತು. ಆದರೆ ಹಣ ಕೊಟ್ಟು ಕೊಂಡ ಮೇಲೆ ನಾವು ಆ ವ್ಯವಹಾರದ ಹೊರಗಿದ್ದೇವೆ ಎಂದು ಹೇಳಲಾಗದು. ಮಕ್ಕಳಿಗೆ ಬೇಡವೆನ್ನುವ ಅವಕಾಶವಿದೆಯೇ ಎನ್ನುವುದು ನನ್ನ ಮುಖ್ಯ ಪ್ರಶ್ನೆ, ಅದಕ್ಕೆ ಇನ್ನೂ ಯಾರೂ ಉತ್ತರಿಸಿಲ್ಲ.

ಮುಲುಂಡಿನ ಭಾನುವಾರದ ಮೇಷ್ಟ್ರು

ಅಕ್ಕಾ, ನಿಮ್ಮ ಪ್ರಶ್ನೆಯನ್ನು ನಾನು ಮೊದಲೇ ಕೇಳಿಕೊಳ್ಳಬೇಕಾಗಿತ್ತು. ಮೊದಲ ಮೂರು ವಾರ ಯಾರ ಮನೆಯಲ್ಲಿಯೂ ಕೇಳಿರಲಿಲ್ಲ, ಅದು ತಪ್ಪು. ಈ ವಾರ ಹನ್ನೆರಡು ಮನೆಗಳಿಗೂ ಫೋನು ಮಾಡಿದೆ. ಇಬ್ಬರ ಮನೆಯವರು ಮುಟ್ಟುವುದು ಬೇಡ, ನೋಡಬಹುದು ಎಂದರು. ಒಬ್ಬನ ತಾಯಿ ನೋಡುವುದೂ ಬೇಡವೆಂದರು. ಅವನು ಪಕ್ಕದ ಕೋಣೆಯಲ್ಲಿ ತನ್ನ ಮತ್ತು ಗೆಳೆಯರ ನಾಡಿಯನ್ನು ಎಣಿಸಿ, ಮೆಟ್ಟಿಲು ಹತ್ತಿ ಇಳಿದ ಮೇಲೆ ಮತ್ತೆ ಎಣಿಸಿ ಪಟ್ಟಿ ಮಾಡಿದ. ಅದೂ ಹೃದಯದ ಪಾಠವೇ ಆಯಿತು.

ಕುರ್ಲಾದ ಅಣ್ಣನವರು ಹೇಳಿದಂತೆ ಶನಿವಾರವೇ ಹೇಳಿಟ್ಟಿದ್ದರಿಂದ ಶ್ವಾಸಕೋಶದೊಡನೆ ಇಡೀ ಹೃದಯ ಸಿಕ್ಕಿತು. ನಲ್ಲಿಯ ಕೆಳಗೆ ಹಿಡಿದು ಒಳಗಿನ ಹೆಪ್ಪುಗಳನ್ನೆಲ್ಲ ತೊಳೆದೆವು. ಮಹಾಪಧಮನಿಗೆ ಈ ಸಲ ನೀಲಿ ಶಾಯಿ ಬೆರೆಸಿದ ನೀರು ಸುರಿದೆ. ನೀರು ನಿಂತಿತು, ಇಳಿಯತೊಡಗಿತು. ಆಗ ಒಬ್ಬ ಹುಡುಗ ಕೂಗಿಕೊಂಡ. ಹೃದಯದ ಮೈಮೇಲಿನ ಕೊಬ್ಬಿನ ನಡುವೆ ಒಂದು ಸಣ್ಣ ನಾಳ ನೀಲಿಯಾಗಿತ್ತು. ಸೋರಿದ ನೀರು ಎಲ್ಲಿಗೆ ಹೋಯಿತೆಂದು ನಾನು ಹೇಳಬೇಕಾಗಿಯೇ ಬರಲಿಲ್ಲ. ಆಮೇಲೆ ಎರಡು ತೂತುಗಳಿಗೆ ದೇವರ ದೀಪದ ಹೂಬತ್ತಿಯ ಹತ್ತಿಯನ್ನು ಹಿಂಜಿ ಸಣ್ಣ ಉಂಡೆ ಮಾಡಿ ತುರುಕಿ ಮತ್ತೆ ಸುರಿದೆವು. ನೀರು ನಿಂತಿತು. ಮೂರು ಪಕಳೆಗಳು ಒಂದಕ್ಕೊಂದು ಅಂಟಿಕೊಂಡು ಮೂರು ಕಡ್ಡಿಯ ಚಕ್ರದಂತೆ ಕಾಣುತ್ತಿದ್ದವು, ಮಕ್ಕಳು ಒಬ್ಬರಾದ ಮೇಲೊಬ್ಬರು ಬಗ್ಗಿ ನೋಡಿದರು.

ಎಡಭಾಗದ ಮೇಲಿನ ಕೋಣೆಯಿಂದ ನೀರು ತುಂಬಿ, ಮಹಾಪಧಮನಿಯನ್ನು ಬೆರಳಿನಿಂದ ಅದುಮಿ ಹಿಡಿದು, ಕೆಳಗಿನ ಕೋಣೆಯನ್ನು ಮುಷ್ಟಿಯಲ್ಲಿ ಹಿಂಡಿದಾಗ ಆ ಎರಡು ಕೋಣೆಗಳ ನಡುವಿನ ದ್ವಿದಳ ಕವಾಟದ ಎರಡು ಪಕಳೆಗಳೂ ಗಾಳಿ ತುಂಬಿದ ಹಾಯಿಯಂತೆ ಉಬ್ಬಿ ಮೇಲೆದ್ದು ಕೂಡಿಕೊಂಡವು. ಪ್ರಶ್ನೆ ಕೇಳಿದ್ದ ಹುಡುಗಿಯೇ ಹಿಂಡಿದವಳು. "ನೀರೇ ಮುಚ್ಚಿತು" ಎಂದಳು.

ಈಗ ಹೊಸ ತೊಡಕು. ಬಲಭಾಗದ ಕೆಳಗಿನ ಕೋಣೆಯನ್ನು ಕತ್ತರಿಸಿ ತೆರೆದಾಗ, ನಡುಗೋಡೆಯಿಂದ ಎದುರಿನ ಹೊರಗೋಡೆಗೆ ಬಟ್ಟೆ ಒಣಹಾಕುವ ಹಗ್ಗದಂತೆ ಒಂದು ಎಳೆ ಹಾದುಹೋಗಿತ್ತು. ಅದು ಯಾವ ಕವಾಟಕ್ಕೂ ಸೇರಿರಲಿಲ್ಲ. ಎಡಭಾಗದಲ್ಲಿ ಅಂತಹ ಎಳೆ ಕಾಣಲಿಲ್ಲ. ಅದು ಏನು?

ಡೊಂಬಿವಲಿಯ ಓದುಗ

ಕವಾಟದ ದಾರವೊಂದು ಹರಿದು ಗೋಡೆಗೆ ಅಂಟಿಕೊಂಡಿರಬಹುದು.

ಪುಣೆಯ ಪಶುವೈದ್ಯೆ

ಇಲ್ಲ. ಅದು ಆರೋಗ್ಯವಂತ ಹೃದಯದಲ್ಲಿ ಇರಲೇಬೇಕಾದ ಎಳೆ, ಕುರಿ ಮೇಕೆಗಳಲ್ಲಿ ಬಹಳ ಸ್ಪಷ್ಟವಾಗಿ ಕಾಣುತ್ತದೆ. ಮನುಷ್ಯರಲ್ಲಿಯೂ ಇದೆ, ಅಲ್ಲಿ ಇನ್ನಷ್ಟು ದಪ್ಪಗೆ, ಗೋಡೆಗೆ ಹತ್ತಿರವಾಗಿರುತ್ತದೆ. ಇಂಗ್ಲಿಷಿನಲ್ಲಿ ಮಾಡರೇಟರ್ ಬ್ಯಾಂಡ್ ಎನ್ನುತ್ತಾರೆ. ಕೋಣೆ ಅತಿಯಾಗಿ ಹಿಗ್ಗದಂತೆ ತಡೆಯುತ್ತದೆಂದು ಹಿಂದಿನವರು ಭಾವಿಸಿದ್ದರಿಂದ ಆ ಹೆಸರು ಬಂತು. ನಿಜವಾಗಿ ಅದು ಸಂದೇಶ ಒಯ್ಯುವ ಅಡ್ಡದಾರಿ. ಹೃದಯದ ಮಿಡಿತವನ್ನು ಹೊರಡಿಸುವ ವಿದ್ಯುತ್ ಸಂಕೇತ ನಡುಗೋಡೆಯಲ್ಲಿ ಕೆಳಗಿಳಿಯುತ್ತದೆ. ಅದರ ಬಲಗವಲಿನ ಒಂದು ಭಾಗ ಈ ಎಳೆಯ ಮೂಲಕ ಹೊರಗೋಡೆಯನ್ನೂ ಅಲ್ಲಿರುವ ಗೂಟದ ಸ್ನಾಯುವನ್ನೂ ಬೇಗ ತಲುಪುತ್ತದೆ.

ಈ ಸಂಕೇತವಾಹಕ ತಂತುಗಳ ಚರಿತ್ರೆಯಲ್ಲಿ ಕುರಿಗೆ ದೊಡ್ಡ ಪಾಲಿದೆ. ಚೆಕ್ ವಿಜ್ಞಾನಿ ಯಾನ್ ಪುರ್ಕಿನ್ಯೆ 1839ರಲ್ಲಿ ಅವನ್ನು ಮೊದಲು ಕಂಡದ್ದು ಕುರಿಯ ಹೃದಯದ ಒಳಪದರದ ಕೆಳಗೆ. ಅವುಗಳ ಕೆಲಸವೇನೆಂಬುದು ತಿಳಿಯಲು ಅರವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಜಪಾನಿನ ಸುನಾವೊ ತವಾರಾ ಜರ್ಮನಿಯಲ್ಲಿದ್ದುಕೊಂಡು, ಮೇಲಿನಿಂದ ಕೆಳಗಿನವರೆಗೆ ಇಡೀ ದಾರಿಯನ್ನು ಎಳೆಎಳೆಯಾಗಿ ಹಿಂಬಾಲಿಸಿ 1906ರಲ್ಲಿ ಪ್ರಕಟಿಸಿದರು. ಮೇಷ್ಟ್ರೇ, ಕೆಳಗಿನ ಕೋಣೆಗಳ ಒಳಮೈಯನ್ನು ಬೆಳಕಿಗೆ ಹಿಡಿದು ನೋಡಿ, ತಾಜಾ ಹೃದಯದಲ್ಲಿ ತೆಳ್ಳಗಿನ ಬಿಳಿಚಿದ ಗೆರೆಗಳು ಕೆಲವೊಮ್ಮೆ ಬರಿಗಣ್ಣಿಗೂ ಕಾಣುತ್ತವೆ.

ಚೆಂಬೂರಿನ ಕನ್ನಡ ಅಧ್ಯಾಪಕ

ಇಷ್ಟು ಹೊತ್ತು ಎಲ್ಲರೂ "ಮೇಲಿನ ಕೋಣೆ", "ಕೆಳಗಿನ ಕೋಣೆ" ಎನ್ನುತ್ತಿದ್ದೀರಿ. ನಮ್ಮ ಪಠ್ಯಪುಸ್ತಕಗಳಲ್ಲಿ ಹೃತ್ಕರ್ಣ, ಹೃತ್ಕುಕ್ಷಿ ಎಂಬ ಒಳ್ಳೆಯ ಪದಗಳಿರುವಾಗ ಅವನ್ನು ಏಕೆ ಬಳಸಬಾರದು?

ವಾಸ್ಕೋದಿಂದ

ಮಕ್ಕಳಿಗೆ ಆ ಪದಗಳು ಬಾಯಿಪಾಠದ ಕಲ್ಲುಗಳು, ಸರ್. ಮರಾಠಿ ಶಾಲೆಯಲ್ಲಿ ಅಲಿಂದ, ನಿಲಯ ಎಂದು ಕಲಿತವರಿಗೆ ಇದು ಮೂರನೆಯ ಹೊರೆ.

ಚೆಂಬೂರಿನ ಕನ್ನಡ ಅಧ್ಯಾಪಕ

ಹೃದಯವನ್ನು ಕೈಯಲ್ಲಿ ಹಿಡಿದುಕೊಂಡು ಹೇಳಿದರೆ ಅದು ಹೊರೆಯಾಗುವುದಿಲ್ಲ. ಮೇಲ್ಭಾಗದ ಎರಡೂ ಬದಿಯಲ್ಲಿ ಸುಕ್ಕುಸುಕ್ಕಾದ ಮಡಿಕೆಗಳು ಹೊರಕ್ಕೆ ಚಾಚಿಕೊಂಡಿರುತ್ತವೆ, ನಾಯಿಮರಿಯ ಕಿವಿಯ ಹಾಗೆ. ಕರ್ಣವೆಂದರೆ ಕಿವಿ. ಲ್ಯಾಟಿನ್ನಿನವರೂ ಅದನ್ನು ಕಂಡು ಕಿವಿ ಎಂದೇ ಕರೆದರು. ಕುಕ್ಷಿ ಎಂದರೆ ಹೊಟ್ಟೆ; ರಕ್ತವನ್ನು ತುಂಬಿಕೊಳ್ಳುವ ಹೊಟ್ಟೆ ಕೆಳಗಿದೆ. ಅಂಗವನ್ನು ತೋರಿಸದೆ ಪದವನ್ನಷ್ಟೇ ಕೊಟ್ಟದ್ದರಿಂದ ಅದು ಕಲ್ಲಾಯಿತು. ಸುಶ್ರುತರು ಹೃದಯವನ್ನು ತಲೆಕೆಳಗಾದ ತಾವರೆಯ ಮೊಗ್ಗಿಗೆ ಹೋಲಿಸಿದ್ದೂ ಕಣ್ಣಿಂದ ಕಂಡ ಹೋಲಿಕೆಯೇ. ತುದಿಯನ್ನು ಕೆಳಗೆ ಮಾಡಿ ಹಿಡಿದರೆ ಯಾರಿಗಾದರೂ ಹಾಗೆ ಕಾಣುತ್ತದೆ.

ವಾಸ್ಕೋದಿಂದ

ಕಿವಿಯ ಮಾತನ್ನು ಒಪ್ಪಿದೆ. ಹಾಗೆಯೇ ದ್ವಿದಳ ಕವಾಟಕ್ಕೆ ಮೈಟ್ರಲ್ ಎಂಬ ಹೆಸರು ಬಂದದ್ದು ಬಿಷಪ್ಪರು ಧರಿಸುವ, ಮುಂದೊಂದು ಹಿಂದೊಂದು ಮೊನೆಯುಳ್ಳ ಟೋಪಿಯಿಂದ. ಆ ಹೋಲಿಕೆಯನ್ನು ಕೊಟ್ಟವರು ಹದಿನಾರನೆಯ ಶತಮಾನದ ಅಂಗರಚನಾ ತಜ್ಞ ವೆಸಾಲಿಯಸ್. ಗೋವೆಯ ಮಕ್ಕಳಿಗೆ ಹೇಳಿದರೆ ಕೂಡಲೇ ತಿಳಿಯುತ್ತದೆ. ಒಂದು ವಿಷಯ ಕೇಳಬೇಕು: ಇಲ್ಲಿ ಹಂದಿಯ ಹೃದಯ ಸುಲಭವಾಗಿ ದೊರೆಯುತ್ತದೆ. ಅದು ಮೇಕೆಯದಕ್ಕಿಂತ ಮೇಲೋ?

ಠಾಣೆಯ ಶಸ್ತ್ರಚಿಕಿತ್ಸಾ ಕೊಠಡಿಯ ದಾದಿ

ಗಾತ್ರದಲ್ಲಿ ಅದು ಮನುಷ್ಯನ ಹೃದಯಕ್ಕೆ ಹೆಚ್ಚು ಸಮೀಪ, ಕವಾಟಗಳು ಸ್ಪಷ್ಟವಾಗಿ ಕಾಣುತ್ತವೆ. ಕೆಟ್ಟ ಕವಾಟದ ಬದಲು ಹಂದಿಯ ಕವಾಟವನ್ನು ಅಥವಾ ದನದ ಹೃದಯದ ಹೊರಪೊರೆಯಿಂದ ಮಾಡಿದ ಕವಾಟವನ್ನು ಕೂರಿಸುವುದು ಇಂದು ನಿತ್ಯದ ಕೆಲಸ. 2022ರ ಜನವರಿಯಲ್ಲಿ ಅಮೆರಿಕದಲ್ಲಿ ವಂಶವಾಹಿಗಳನ್ನು ತಿದ್ದಿದ ಹಂದಿಯ ಇಡೀ ಹೃದಯವನ್ನೇ ಒಬ್ಬರಿಗೆ ಜೋಡಿಸಿದರು, ಅವರು ಸುಮಾರು ಎರಡು ತಿಂಗಳು ಬದುಕಿದ್ದರು. ಆದರೆ ತರಗತಿಯಲ್ಲಿ ಎಲ್ಲ ಮನೆಗಳ ಮಕ್ಕಳಿರುವಾಗ ಹಂದಿಯದನ್ನು ತರುವುದು ಬೇಡ. ಮೇಕೆಯೇ ಸಾಕು.

ಮಾಟುಂಗಾ ನಿವಾಸಿ

ಹೃದಯ ಜೋಡಣೆಯ ಮಾತು ಬಂದದ್ದರಿಂದ ಹೇಳುತ್ತೇನೆ, ಭಾರತದಲ್ಲಿ ಮೊದಲ ಯಶಸ್ವೀ ಹೃದಯ ಕಸಿ ನಡೆದದ್ದು ನಮ್ಮ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ.

ಪುಣೆಯ ಪಶುವೈದ್ಯೆ

ಮೊದಲ ಪ್ರಯತ್ನ ಎನ್ನಿ. ಡಾ. ಪ್ರಫುಲ್ಲ ಕುಮಾರ್ ಸೇನ್ ಅವರು 1968ರ ಫೆಬ್ರವರಿಯಲ್ಲಿ, ಜಗತ್ತಿನ ಮೊದಲ ಕಸಿ ನಡೆದು ಮೂರು ತಿಂಗಳೂ ತುಂಬದಿದ್ದಾಗ, ಅಲ್ಲಿ ಕಸಿ ಮಾಡಿದರು. ರೋಗಿ ಕೆಲವೇ ಗಂಟೆ ಬದುಕಿದರು. ಯಶಸ್ಸು ಬಂದದ್ದು 1994ರಲ್ಲಿ, ದೆಹಲಿಯ ಏಮ್ಸ್‌ನಲ್ಲಿ, ಡಾ. ಪಿ. ವೇಣುಗೋಪಾಲ್ ಅವರಿಂದ. ಪರೇಲಿನ ಆ ಧೈರ್ಯಕ್ಕೆ ಇದರಿಂದ ಕುಂದೇನೂ ಇಲ್ಲ.

ಚೆಂಬೂರಿನ ಕನ್ನಡ ಅಧ್ಯಾಪಕ

ಮೇಷ್ಟ್ರೇ, ಮುಂದಿನ ಸಲ ಇನ್ನೊಂದು ಪರೀಕ್ಷೆ ಮಾಡಿಸಿ. ರಕ್ತವು ಬಲದಿಂದ ಎಡಕ್ಕೆ ನಡುಗೋಡೆಯಲ್ಲಿರುವ ಕಣ್ಣಿಗೆ ಕಾಣದ ರಂಧ್ರಗಳ ಮೂಲಕ ಒಸರುತ್ತದೆಂದು ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲೆನ್ ಹೇಳಿದ್ದನ್ನು ಯುರೋಪು ಸಾವಿರಕ್ಕೂ ಹೆಚ್ಚು ವರ್ಷ ನಂಬಿತ್ತು. ಹದಿಮೂರನೆಯ ಶತಮಾನದಲ್ಲಿ ಅರಬ್ ವೈದ್ಯ ಇಬ್ನ್ ಅಲ್ ನಫೀಸ್ ಅದನ್ನು ಅಲ್ಲಗಳೆದು, ರಕ್ತ ಶ್ವಾಸಕೋಶದ ಮೂಲಕವೇ ಹೋಗಬೇಕೆಂದರು. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವಿ ಅನೇಕ ಪ್ರಾಣಿಗಳ ಹೃದಯಗಳನ್ನು ಪರೀಕ್ಷಿಸಿ 1628ರಲ್ಲಿ ರಕ್ತಪರಿಚಲನೆಯನ್ನು ಸ್ಥಾಪಿಸಿದರು. ಮಕ್ಕಳು ಆ ನಡುಗೋಡೆಯನ್ನು ಬೆರಳುಗಳ ನಡುವೆ ಹಿಡಿದು ಅದರ ದಪ್ಪವನ್ನು ನೋಡಲಿ, ಎಡಗಡೆ ಶಾಯಿ ನೀರು ತುಂಬಿ ಬಲಗಡೆ ಒಸರುತ್ತದೆಯೇ ಎಂದು ಕಾದು ನೋಡಲಿ. ಅಷ್ಟು ವರ್ಷ ಯಾರೂ ಮುಟ್ಟಿ ನೋಡಲಿಲ್ಲವೇ ಎಂದು ಅವರೇ ಕೇಳುತ್ತಾರೆ.

ಮುಲುಂಡಿನ ಭಾನುವಾರದ ಮೇಷ್ಟ್ರು

ಅಧ್ಯಾಪಕರು ಹೇಳಿದ್ದನ್ನು ಈ ಭಾನುವಾರ ಮಾಡಿದೆವು. ಅರ್ಧ ಗಂಟೆ ಕಾದರೂ ಬಲಗಡೆ ನೀಲಿ ಬರಲಿಲ್ಲ.

ಮುಟ್ಟದೆ ನೋಡುತ್ತಿದ್ದ ಇಬ್ಬರಲ್ಲಿ ಒಬ್ಬಳು ಬರೆದ ಚಿತ್ರದ ಬಗ್ಗೆ ಹೇಳಬೇಕು. ಪುಸ್ತಕದಲ್ಲಿ ಬಲ ಮತ್ತು ಎಡ ಹೃತ್ಕುಕ್ಷಿಗಳು ಅಕ್ಕಪಕ್ಕದ ಎರಡು ಕೋಣೆಗಳಂತೆ ಸಮನಾಗಿರುತ್ತವೆ. ಅವಳು ಅಡ್ಡಕ್ಕೆ ಕತ್ತರಿಸಿದ ಹೃದಯವನ್ನು ಮೇಲಿನಿಂದ ನೋಡಿ ಬರೆದಿದ್ದಳು: ಎಡದ್ದು ದಪ್ಪ ಗೋಡೆಯ ದುಂಡು ಬಾವಿ, ಬಲದ್ದು ಅದರ ಮೈಗೆ ಒರಗಿದ ಬಿದಿಗೆ ಚಂದ್ರ. ತುದಿಯಲ್ಲಿ ಬಲಕ್ಕೆ ಜಾಗವೇ ಇಲ್ಲ, ಅಲ್ಲೆಲ್ಲ ಎಡದ್ದೇ. ಪುಸ್ತಕದ ಚಿತ್ರ ತಪ್ಪೇ ಎಂದು ಕೇಳಿದಳು. ಅದು ದಾರಿ ತೋರಿಸುವ ನಕ್ಷೆ, ಇದು ಊರು ಎಂದೆ. ಹಾಗಾದರೆ ಪರೀಕ್ಷೆಯಲ್ಲಿ ಯಾವುದನ್ನು ಬರೆಯಲಿ ಎಂದಳು. ನಕ್ಷೆಯನ್ನೇ ಬರೆ, ಆದರೆ ಎಡಗೋಡೆಯನ್ನು ದಪ್ಪವಾಗಿ ಬರೆ ಎಂದು ಹೇಳಿ ಕಳುಹಿಸಿದೆ.

ಕೋಥರೂಡಿನ ಧಾರವಾಡದವಳು

ಆ ಹುಡುಗಿಯ ಚಿತ್ರವನ್ನು ಕಳುಹಿಸಿಕೊಡಿ, ಮೇಷ್ಟ್ರೇ. ಅಂಗಡಿಯಿಂದ ತರುವುದರ ಬಗ್ಗೆ ನನ್ನ ಮನಸ್ಸು ಬದಲಾಗಿಲ್ಲ. ಆದರೆ ನನ್ನ ತಂಗಿಯ ಮಗಳು ಈ ವರ್ಷ ದಾದಿಯರ ತರಬೇತಿಗೆ ಸೇರಿದ್ದಾಳೆ, ಅವಳಿಗೆ ತೋರಿಸಬೇಕು. ನಾಡಿ ಎಣಿಸಿದ ಹುಡುಗನ ಪಟ್ಟಿಯನ್ನೂ ಕಳುಹಿಸಿ.

ಮುಲುಂಡಿನ ಭಾನುವಾರದ ಮೇಷ್ಟ್ರು

ಇಬ್ಬರ ಮನೆಯವರನ್ನೂ ಕೇಳಿ ಖಂಡಿತ ಕಳುಹಿಸುತ್ತೇನೆ, ಅಕ್ಕಾ. ಡಾಕ್ಟರ್ ಮೇಡಂ, ಇನ್ನೊಂದು ಉಳಿದಿದೆ. ಮಹಾಪಧಮನಿಗೂ ಶ್ವಾಸಕೋಶದ ಅಪಧಮನಿಗೂ ನಡುವೆ ಬಿಳಿಯ ಗಟ್ಟಿ ಎಳೆಯೊಂದು ಸಿಕ್ಕಿತು. ಕಡ್ಡಿ ಒಳಗೆ ಹೋಗಲಿಲ್ಲ.

ಪುಣೆಯ ಪಶುವೈದ್ಯೆ

ಹೋಗುವುದಿಲ್ಲ. ಮರಿ ತಾಯಿಯ ಹೊಟ್ಟೆಯಲ್ಲಿದ್ದಾಗ ಅದು ತೆರೆದ ನಾಳವಾಗಿತ್ತು. ಶ್ವಾಸಕೋಶ ಇನ್ನೂ ಉಸಿರಾಡದ ಕಾರಣ ಹೆಚ್ಚಿನ ರಕ್ತ ಆ ಅಡ್ಡದಾರಿಯಿಂದ ನೇರವಾಗಿ ಮಹಾಪಧಮನಿಗೆ ಹೋಗುತ್ತಿತ್ತು. ಹುಟ್ಟಿ ಉಸಿರಾಡಿದ ಮೇಲೆ ಅದು ಮುಚ್ಚಿಕೊಂಡು ಎಳೆಯಾಗಿ ಉಳಿಯಿತು. ಎರಡು ಹೃತ್ಕರ್ಣಗಳ ನಡುವಿನ ಗೋಡೆಯನ್ನು ಬೆಳಕಿಗೆ ಹಿಡಿದರೆ ತೆಳ್ಳಗಿನ ಇನ್ನೊಂದು ತಗ್ಗು ಕಾಣುತ್ತದೆ, ಅದೂ ಹಾಗೆಯೇ ಮುಚ್ಚಿಹೋದ ಕಿಂಡಿ. ಬರುವ ಭಾನುವಾರ ನನಗೆ ಮುಂಬಯಿಯಲ್ಲಿ ಕೆಲಸವಿದೆ. ಹತ್ತು ಗಂಟೆಗೆ ಬಂದರೆ ನಡೆಯುತ್ತದೆಯೇ?

ಮುಲುಂಡಿನ ಭಾನುವಾರದ ಮೇಷ್ಟ್ರು

ಬನ್ನಿ, ಒಂಬತ್ತೂವರೆಗೇ ಬನ್ನಿ. ಹೃದಯವನ್ನು ಶನಿವಾರವೇ ಹೇಳಿಟ್ಟಿರುತ್ತೇನೆ. ಒಂದು ತುದಿ ಮೊಂಡಾದ ಕತ್ತರಿ ನಮ್ಮಲ್ಲಿ ಇಲ್ಲ, ಸಾಧ್ಯವಾದರೆ ಅದನ್ನು ತನ್ನಿ.